ಇಳಿಜಾರಿನಲ್ಲಿ ಉಳಿದದ್ದು

ಕಟ್ಟಿಗೆಯೊಳಗೆ ಕಾಣದೆ ಕುಳಿತು, ಕಡೆದಾಗ ಮಾತ್ರ ಕಣ್ಣಿಗೆ ಬೀಳುವವನೇ; ಎಣ್ಣೆಯಲ್ಲಿ, ಅನಿಲದಲ್ಲಿ, ಮಿಂಚಿನಲ್ಲಿ ಒಂದೇ ತೇಜಸ್ಸಾಗಿದ್ದು, ಅಳೆಯುವವರಿಗೆ ಮಾತ್ರ ಮೂರಾಗಿ ತೋರುವವನೇ; ಹೊರುವ ಹೆಗಲಿಗೂ ಹೊರಿಸಿದ ಹೊರೆಗೂ ಒಡೆಯನೇ, ಮೊದಲ ನಮಸ್ಕಾರ ನಿನಗೆ. ಏರುವವರಿಗೆ ಬಲ ಕೊಡೆಂದು ಲೋಕವೆಲ್ಲ ಬೇಡುತ್ತದೆ. ಇಳಿಯುವವರಿಗೆ ತಡೆಯನ್ನು ಕೊಡು. ಹೇಳಬೇಕಾದುದಕ್ಕಿಂತ ಹೆಚ್ಚು ಹೇಳದಂತೆ ನಾಲಗೆಯನ್ನು ಹಿಡಿ.

ಉಕ್ಕಿನ ಕಾರ್ಖಾನೆಯ ಬೆನ್ನಿಗೆ ಅಂಟಿಕೊಂಡಂತಿದ್ದ ಆ ಸಾಗಣೆ ಸಂಸ್ಥೆಗೆ ಒಂದೇ ಕೆಲಸವಿತ್ತು: ಉಕ್ಕಿನ ಹಾಳೆಯ ಸುರುಳಿಗಳನ್ನು ಬಂದರಿಗೆ ಮುಟ್ಟಿಸುವುದು. ದಾರಿಯೂ ಒಂದೇ. ತುಂಬಿದ ಲಾರಿ ಮೊದಲು ಸಣ್ಣದೊಂದು ಏರನ್ನು ಹತ್ತಿ, ಚಾಲಕರು ‘ನೆತ್ತಿ’ ಎಂದು ಕರೆಯುವ ತಿರುವನ್ನು ಮುಟ್ಟುವುದು. ಅಲ್ಲಿಂದ ಬಂದರಿನವರೆಗೆ ಬೆಟ್ಟದ ಪಕ್ಕೆಯನ್ನು ಬಳಸುತ್ತ ಬರಿಯ ಇಳಿಜಾರು. ಬಂದರಿನಲ್ಲಿ ಹೊರೆಯಿಳಿಸಿದ ಲಾರಿ ಅದೇ ದಾರಿಯಲ್ಲಿ ಬರಿದಾಗಿ ಏರಿ ಬರುವುದು. ತುಂಬಿದ್ದು ಇಳಿಯುತ್ತದೆ, ಬರಿದಾದದ್ದು ಏರುತ್ತದೆ. ಲೋಕದ ನಡೆಗೆ ಇದು ವಿರುದ್ಧವೆಂದು ತೋರಿದರೂ ಆ ಅಂಗಳದವರಿಗೆ ಹುಟ್ಟಿದಾಗಿನಿಂದ ಕಂಡದ್ದೇ ಆದುದರಿಂದ ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಟೈರುಗಳ ಶೆಡ್ಡಿನ ಮೇಲಿನ ಕೋಣೆಯಲ್ಲಿ, ತೂಕದ ಕಟ್ಟೆ ಕಾಣುವ ಕಿಟಕಿಯ ಪಕ್ಕದಲ್ಲಿ ಕುಳಿತು ಸಂಸ್ಥೆಯ ಲೆಕ್ಕ ಬರೆಯುವವಳನ್ನು ಎಲ್ಲರೂ ಲೆಕ್ಕದಮ್ಮ ಎನ್ನುತ್ತಿದ್ದರು. ಅವಳ ಗಂಡ ಅಲ್ಲಿಯೇ ಚಾಲಕನಾಗಿದ್ದ. ಹಿಂದಿನ ವರ್ಷ ಇಳಿಜಾರಿನ ಮೂರನೆಯ ತಿರುವಿನಲ್ಲಿ ಅವನ ಲಾರಿಯ ಬ್ರೇಕು ಕಾದು ಕೈಕೊಟ್ಟಿತು. ಸುರುಳಿಗಳು ಸರಪಳಿ ಹರಿದು ಮುಂದಕ್ಕೆ ಬಂದವು. ಅಷ್ಟೇ. ಸೂತಕ ಕಳೆದ ಮೇಲೆ ಅವಳು ಬಂದು ಅದೇ ಕುರ್ಚಿಯಲ್ಲಿ ಕುಳಿತಳು. ಅಳುತ್ತಾಳೆಂದು ಎಲ್ಲರೂ ಕಾದರು, ಅವಳೂ ಕಾದಳು. ಅಳು ಬರಲಿಲ್ಲ. ಬರಲಿಲ್ಲವೆಂಬ ದುಃಖವೂ ಬರಲಿಲ್ಲ. ಕೈಮೇಲೆ ಕಲ್ಲು ಬಿದ್ದಾಗ ನೋವು ತಿಳಿಯುವ ಮುನ್ನ ಒಂದು ಕ್ಷಣವಿರುತ್ತದೆಯಲ್ಲ, ಆ ಕ್ಷಣವೇ ವರ್ಷದ ಉದ್ದಕ್ಕೂ ಹಬ್ಬಿಕೊಂಡಂತಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. “ಬಟ್ಟೆ ಹಿಡ್ಕೊಳ್ಳೇ, ಸುಡುತ್ತೆ,” ಎಂದು ಅತ್ತೆ ಕೂಗಿದ ಮೇಲೆ ಬೆರಳಿನ ಕೆಂಪನ್ನು ಬೇರೆಯವರ ಬೆರಳನ್ನು ನೋಡುವಂತೆ ನೋಡುತ್ತಿದ್ದಳು.

ಆ ವರ್ಷ ಸಂಸ್ಥೆಯ ಯಜಮಾನರಿಗೆ ಡೀಸೆಲ್ಲಿನ ಖರ್ಚಿನ ಚಿಂತೆ ಹತ್ತಿತು. ಅವರೂ ಚಾಲಕರಾಗಿದ್ದು ಯಜಮಾನರಾದವರು. ಈಗಲೂ ಕುರ್ಚಿಯಲ್ಲಿ ಕುಳಿತಾಗ ಬಲಗಾಲು ಮುಂದಕ್ಕೆ ಚಾಚಿಯೇ ಇರುತ್ತಿತ್ತು.

“ಒಬ್ಬ ಗ್ಯಾಸ್ ಲಾರಿ ತಗೊಳ್ಳಿ ಅಂತಾನೆ, ಇನ್ನೊಬ್ಬ ಬ್ಯಾಟರಿ ಲಾರಿ ತಗೊಳ್ಳಿ ಅಂತಾನೆ,” ಎಂದರು ಅವಳನ್ನು ಕರೆಸಿ. “ಇಬ್ಬರೂ ಅವರವರ ಕಾಗದದಲ್ಲಿ ಗೆದ್ದೇ ಬಿಟ್ಟಿದ್ದಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೇ ಎರಡನ್ನೂ ಪರೀಕ್ಷೆಗೆ ಅಂತ ತರಿಸಿದ್ದೀನಮ್ಮ. ನಮ್ಮ ದಾರೀಲಿ, ನಮ್ಮ ಸುರುಳಿ ಹೊತ್ಕೊಂಡು, ನಮ್ಮ ಹುಡುಗರ ಕೈಲೇ ಓಡಲಿ. ಜೊತೆಗೆ ಒಂದು ಡೀಸೆಲ್ಲೂ ಇರಲಿ. ಮೂರಕ್ಕೂ ಮೀಟರ್ ಕೂರಿಸ್ತೀವಿ. ಒಂದು ಟನ್ನು ಒಂದು ಕಿಲೋಮೀಟರ್ ಹೋಗೋಕೆ ಯಾವುದಕ್ಕೆ ಎಷ್ಟು ಬೀಳುತ್ತೆ, ನೀನು ಹೇಳು. ಗೆದ್ದದ್ದನ್ನ ಇಟ್ಕೋತೀನಿ. ಸೋತದ್ದು ತವರುಮನೆಗೆ ವಾಪಸ್.”

ಅಂಗಳದವರು ಮೂರಕ್ಕೂ ಅಂದೇ ಹೆಸರಿಟ್ಟರು. ಡೀಸೆಲ್ ಲಾರಿ ‘ಕೆಮ್ಮಜ್ಜ’. ಬೆನ್ನ ಮೇಲೆ ಸಾಲಾಗಿ ಸಿಲಿಂಡರು ಹೊತ್ತ ಗ್ಯಾಸ್ ಲಾರಿ ‘ಹೊಟ್ಟೆಯುಬ್ಬರ’. ನಿಂತಿದೆಯೋ ಓಡುತ್ತಿದೆಯೋ ತಿಳಿಯದಷ್ಟು ಸದ್ದಿಲ್ಲದ ಬ್ಯಾಟರಿ ಲಾರಿ ‘ಮೌನವ್ರತ’.

ಮೌನವ್ರತ ಅವಳ ಮೈದುನನ ಪಾಲಿಗೆ ಬಂತು.

ಮನೆಯಲ್ಲಿ ಮೂವರು: ಅತ್ತೆ, ಮೈದುನ, ಅವಳು. ಸಾಲುಮನೆಗಳ ಆ ಓಣಿಯ ತುದಿಯಲ್ಲೇ ಬಂದರಿನ ಹೆದ್ದಾರಿ ಹಾದುಹೋಗುತ್ತಿತ್ತು. ಹಿಂದೆ ಹಿರಿಯ ಮಗನ ಲಾರಿ ಓಣಿಯ ಬಳಿಯ ತಿರುವಿನಲ್ಲಿ ಗೇರು ಬದಲಿಸಿದ ಸದ್ದು ಕೇಳಿದೊಡನೆ ಅತ್ತೆ ಒಲೆ ಹಚ್ಚುತ್ತಿದ್ದರು. ನೂರು ಲಾರಿಗಳ ನಡುವೆ ಮಗನ ಲಾರಿಯ ಕೆಮ್ಮು ಅವರಿಗೆ ಗೊತ್ತಾಗುತ್ತಿತ್ತು. ಮನೆಯ ಹಿಂಬದಿಗೆ ಕಿಟಕಿಯುಳ್ಳ ಒಂದು ಕೋಣೆಯನ್ನು ಆ ಮಗ ಕಟ್ಟಿಸಿದ್ದ. ಬಂದವರಿಗೆಲ್ಲ ಅತ್ತೆ ಅದನ್ನು ತೋರಿಸಿ, “ನನ್ನ ದೊಡ್ಡವನು ಎಣ್ಣೆ ಉಳಿಸಿ ಕಟ್ಟಿಸಿದ್ದು,” ಎನ್ನುತ್ತಿದ್ದರು.

ಆ ಮಾತಿಗೆ ಅರ್ಥವಿತ್ತು. ಸಂಸ್ಥೆಯಲ್ಲಿ ‘ಉಳಿಕೆ ಪಾಲು’ ಎಂಬ ಪದ್ಧತಿ ಇತ್ತು. ಬಂದರಿಗೆ ಹೋಗಿಬರಲು ಇಷ್ಟು ಎಣ್ಣೆಯೆಂದು ಗೊತ್ತುಮಾಡಿರುತ್ತಿದ್ದರು. ಅದರಲ್ಲಿ ಚಾಲಕನು ಉಳಿಸಿದ್ದರ ಅರ್ಧ ಬೆಲೆ ಸಂಬಳದೊಡನೆ ಅವನಿಗೇ ಸೇರುತ್ತಿತ್ತು. ಉಳಿಸುವ ಬಗೆ ಎಲ್ಲರಿಗೂ ಗೊತ್ತಿತ್ತು. ನೆತ್ತಿಯನ್ನು ಮುಟ್ಟಿದೊಡನೆ ಗೇರನ್ನು ಬಿಟ್ಟು ನ್ಯೂಟ್ರಲ್ಲಿಗೆ ತಂದು, ಬ್ರೇಕೊಂದನ್ನೇ ನಂಬಿ ಲಾರಿಯನ್ನು ಉರುಳಲು ಬಿಡುವುದು. “ನೆತ್ತಿಯಿಂದ ಬಂದರಿಗೆ ಪುಕ್ಕಟೆ ಪ್ರಯಾಣ” ಎಂಬುದು ಆ ಅಂಗಳದ ಗಾದೆ. ಗೋಡೆಯ ಮೇಲೆ ಹಾಗೆ ಮಾಡಬಾರದೆಂಬ ಫಲಕವೂ ಇತ್ತು. ಅದರ ಮೊಳೆಗೆ ಚಾಲಕರು ಟೋಪಿ ತೂಗುಹಾಕುತ್ತಿದ್ದರು.

ಅತ್ತೆ ಮಾತ್ರ ಹಿರಿಯ ಮಗನನ್ನು ಕೊಂದದ್ದು ಡೀಸೆಲ್ ಲಾರಿಯೆಂದೇ ನಂಬಿದ್ದರು. ಕಿರಿಯವನು ಬ್ಯಾಟರಿ ಲಾರಿ ಹತ್ತಿದ ದಿನ ಅವರ ಮುಖ ಸ್ವಲ್ಪ ಸಡಿಲಾಯಿತು.

“ಇದು ಬಿಸಿಯಾಗಲ್ವಂತೆ, ಹೊಗೆ ಉಗುಳಲ್ವಂತೆ. ಇದರಲ್ಲೇ ಇರು. ಆ ಕೆಮ್ಮೋ ಗಾಡಿ ಒಬ್ಬನನ್ನ ತಿಂದಿದ್ದು ಸಾಕು.”

“ಇರೋದು ಬಿಡೋದು ನನ್ನ ಕೈಲಿಲ್ಲಮ್ಮ,” ಎಂದ ಮೈದುನ. “ಅತ್ತಿಗೆ ಕೈಲಿದೆ. ಅವರ ಲೆಕ್ಕದಲ್ಲಿ ಇದು ಸೋತ್ರೆ ನಾನು ಮತ್ತೆ ಕೆಮ್ಮಜ್ಜನ ಮೊಮ್ಮಗ.”

ಅತ್ತೆ ಸೊಸೆಯ ಕಡೆ ತಿರುಗಿದರು. “ಕೇಳಿಸ್ತಾ?”

“ಕೇಳಿಸ್ತು ಅತ್ತೆ,” ಎಂದಳು ಅವಳು.

ಪರೀಕ್ಷೆಯ ಮೊದಲ ವಾರಗಳಲ್ಲಿ ಮೌನವ್ರತ ಸೋಲುತ್ತಲೇ ಇತ್ತು. ಬ್ಯಾಟರಿಯ ಭಾರವೇ ಹೆಚ್ಚಾದುದರಿಂದ ಅದು ಉಳಿದವಕ್ಕಿಂತ ಒಂದು ಸುರುಳಿ ಕಡಿಮೆ ಹೊರುತ್ತಿತ್ತು. ವಿದ್ಯುತ್ ತುಂಬಿಸಿಕೊಳ್ಳಲು ಬಹಳ ಹೊತ್ತು ನಿಲ್ಲುತ್ತಿತ್ತು. ಹೊಟ್ಟೆಯುಬ್ಬರಕ್ಕೆ ಪಂಪಿನ ಮುಂದಿನ ಸಾಲಿನಲ್ಲಿ ಕಾಯುವ ಕಷ್ಟವಿದ್ದರೂ ಇಂಧನ ಅಗ್ಗವಾಗಿ ಅದೇ ಮುಂದಿತ್ತು. ನಡುವೆ ಕೆಮ್ಮಜ್ಜ. ಬ್ಯಾಟರಿ ಲಾರಿ ಮಾರುವವನ ಕಾಗದದಲ್ಲಿ ‘ಇಳಿಜಾರಿನಲ್ಲಿ ಖರ್ಚಾದ ವಿದ್ಯುತ್ತಿನ ಬಹುಪಾಲು ಮರಳಿ ಬರುತ್ತದೆ’ ಎಂದಿತ್ತು. ಮರಳಿ ಬಂದದ್ದು ಏನೂ ಇರಲಿಲ್ಲ. ಮಾರುವವನ ಮಾತೆಂದು ಯಜಮಾನರು ಆ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿದ್ದರು.

ಅಂಕಿಯೊಂದನ್ನು ಎಲ್ಲಿ ಅತ್ತಿತ್ತ ಸರಿಸಿದರೆ ಮೌನವ್ರತ ಗೆಲ್ಲುತ್ತದೆಂಬುದು ಅವಳಿಗೆ ತಿಳಿಯದ ವಿಷಯವಲ್ಲ. ನಿಲುಗಡೆಯ ಹೊತ್ತನ್ನು ಬೇರೆ ಖರ್ಚಿಗೆ ಹಾಕಿದ್ದರೆ ಸಾಕಿತ್ತು, ಯಾರೂ ಕೇಳುತ್ತಿರಲಿಲ್ಲ. ಅವಳು ಸರಿಸಲಿಲ್ಲ. ಅದು ಸತ್ಯದ ಮೇಲಿನ ಪ್ರೀತಿಯೆಂದು ಹೊಗಳುವಂತಿರಲಿಲ್ಲ. ನದಿಯ ನಡುವಿನ ಬಂಡೆ ನೀರಿಗೆ ದಾರಿ ಬಿಡುವಂತೆ ಅವಳು ಅಂಕಿಗಳಿಗೆ ದಾರಿ ಬಿಟ್ಟಿದ್ದಳು, ಅಷ್ಟೇ.

ಹೀಗಿರಲು ಕೆಮ್ಮಜ್ಜನ ಖಾಯಂ ಚಾಲಕ ಜ್ವರ ಬಂದು ಮಲಗಿದ. ಅವನ ಬದಲಿಗೆ ಬಂದವನು ಬೇರೊಂದು ಸಂಸ್ಥೆಯಿಂದ ಹೊಸದಾಗಿ ಸೇರಿದವನು, ಮಿತಭಾಷಿ, ಇಳಿಜಾರಿನಲ್ಲಿ ಎಲ್ಲರಿಗಿಂತ ನಿಧಾನ. ಅಡ್ಡಿಯಾದನೆಂದು ಹಿಂದಿನ ಲಾರಿಗಳವರು ಹಾರನ್ ಬಾರಿಸಿ ಬಾರಿಸಿ ಸೋತು, ಅವನಿಗೆ ‘ಮದುವಣಗಿತ್ತಿ’ ಎಂದು ಹೆಸರಿಟ್ಟಿದ್ದರು. “ಮದುವಣಗಿತ್ತಿ ಇನ್ನೂ ಮೆಟ್ಟಿಲಿಳೀತಾ ಇದೆಯೋ, ಬಂದರು ಮುಟ್ಟಿತೋ?” ಎಂದು ಅಂಗಳದಲ್ಲಿ ದಿನವೂ ಕೇಳುವವರಿದ್ದರು.

ಕೆಮ್ಮಜ್ಜನನ್ನು ಓಡಿಸಿದ ಮರುದಿನ ಅವನು ಚೀಟಿಗಳನ್ನು ಒಪ್ಪಿಸಲು ಬಂದಾಗ ಅವಳು ಕೇಳಿದಳು, “ನಿನ್ನೆ ನೆತ್ತಿಯಿಂದ ಕೆಳಗೆ ಡೀಸೆಲ್ ಖರ್ಚೇ ತೋರಿಸ್ತಿಲ್ಲ. ಮೀಟರ್ ಕೆಟ್ಟಿತ್ತಾ?”

“ಕೆಟ್ಟಿರಲಿಲ್ಲಮ್ಮ. ನಾನು ಗೇರಲ್ಲೇ ಇಳಿದೆ.”

“ಗೇರಲ್ಲಿ ಇಳಿದ್ರೆ ಖರ್ಚು ಹೆಚ್ಚಲ್ವಾ?”

“ಕಾಲು ತೆಗೆದ್ರೆ ಈಗಿನ ಎಂಜಿನ್ ಎಣ್ಣೆ ಮುಟ್ಟೋದೇ ಇಲ್ಲ. ಚಕ್ರವೇ ಅದನ್ನ ತಿರುಗಿಸ್ತಾ ಇರುತ್ತೆ. ನ್ಯೂಟ್ರಲ್ ಮಾಡಿದ್ರೆ ಚಕ್ರಕ್ಕೂ ಎಂಜಿನ್ನಿಗೂ ಮಾತು ಬಿಟ್ಟಂಗೆ. ಆರದೆ ಉರೀಬೇಕಲ್ಲ, ಅದಕ್ಕೆ ಒಂದೇ ಸಮ ಕುಡೀತಾ ಇರುತ್ತೆ. ಹಳೇ ಗಾಡಿಗಳ ಕಾಲದಲ್ಲಿ ಏನಿತ್ತೋ. ನಾನು ಮೊದಲಿದ್ದ ಕಡೆ ನ್ಯೂಟ್ರಲ್ ಮಾಡಿದೋನಿಗೆ ಕೆಲಸಾನೇ ಇರ್ತಿರಲಿಲ್ಲ. ಅಲ್ಲಿ ಎರಡು ಸಲ ಬ್ರೇಕು…”

ಅವನು ಅಲ್ಲಿಗೇ ನಿಲ್ಲಿಸಿದ. ತಾನು ಯಾರ ಮುಂದೆ ನಿಂತು ಮಾತಾಡುತ್ತಿದ್ದೇನೆಂಬುದು ಅವನಿಗೆ ಆಗ ನೆನಪಾಗಿತ್ತು. ಟೋಪಿಯನ್ನು ತೆಗೆದು ಮತ್ತೆ ಹಾಕಿಕೊಂಡು, “ನಾನು ಬರ್ತೀನಮ್ಮ,” ಎಂದು ಇಳಿದುಹೋದ.

ಅವಳು ಕುಳಿತೇ ಇದ್ದಳು. ಗಂಡ ಓಡಿಸುತ್ತಿದ್ದದ್ದೂ ಇದೇ ಬಗೆಯ ಎಂಜಿನ್. ಉಳಿಸಲೆಂದು ಗೇರು ಬಿಟ್ಟವನು ಇಳಿಜಾರಿನಲ್ಲಿ ಒಂದು ಹನಿಯನ್ನೂ ಉಳಿಸಿರಲಿಲ್ಲ. ಈ ಮಾತು ಒಳಗೆ ಬಿದ್ದು ಎಲ್ಲಿಯಾದರೂ ತಾಗುತ್ತದೆಯೋ ಎಂದು ಅವಳು ಕಾದಳು. ಆಳವಾದ ಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟವರ ಹಾಗೆ ಕಾದಳು. ಸದ್ದು ಬರಲಿಲ್ಲ.

ಆಮೇಲೆ ಮೌನವ್ರತದ ಅಂಕಿಗಳನ್ನು ತೆಗೆದಳು. ಇಷ್ಟು ದಿನವೂ ನೋಡಿದ್ದೇ. ನೆತ್ತಿಯಲ್ಲಿ ಬ್ಯಾಟರಿ ಎಷ್ಟಿತ್ತೋ ಬಂದರಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಖರ್ಚಿಲ್ಲ, ಗಳಿಕೆಯೂ ಇಲ್ಲ. ಯಂತ್ರ ದುಡಿದಿದ್ದರೆ ಖರ್ಚಾಗಬೇಕಿತ್ತು. ಹೊರೆಯನ್ನು ಹಿಡಿದು ತಡೆದಿದ್ದರೆ ಮಾರುವವನು ಹೇಳಿದಂತೆ ತುಂಬಬೇಕಿತ್ತು. ಎರಡೂ ಆಗದೆ ಇರಬೇಕಾದರೆ ಕಾರಣ ಒಂದೇ. ಮೌನವ್ರತವೂ ನೆತ್ತಿಯಿಂದ ನ್ಯೂಟ್ರಲ್ಲಿನಲ್ಲೇ ಇಳಿಯುತ್ತಿತ್ತು. ತುಂಬಿದ ಸುರುಳಿಗಳ ಜೊತೆಗೆ ಬ್ಯಾಟರಿಯ ಭಾರವನ್ನೂ ಹೊತ್ತು, ಬ್ರೇಕೊಂದನ್ನೇ ನಂಬಿ, ಮೂರನೆಯ ತಿರುವನ್ನು ಅವಳ ಮೈದುನ ದಿನದಿನವೂ ದಾಟುತ್ತಿದ್ದ.

ಅವಳಿಗೆ ಗಾಬರಿಯಾಗಬೇಕಿತ್ತು. ಆಗಬೇಕಾದುದು ಆಗಲಿಲ್ಲವಾದರೂ ಮಾಡಬೇಕಾದುದು ತಿಳಿಯುತ್ತಿತ್ತು. ಭಾವ ಬತ್ತಿದವರಿಗೂ ಧರ್ಮ ಕಾಣದೆ ಹೋಗುವುದಿಲ್ಲವೆಂಬುದೇ ದೇವರ ದೊಡ್ಡ ಕರುಣೆ. ಅವಳು ಲೋಟ ತೊಳೆದಿಟ್ಟು ಮನೆಗೆ ನಡೆದಳು.

ಮೈದುನ ಊಟಕ್ಕೆ ಕುಳಿತಿದ್ದ. ಅತ್ತೆ ಬಡಿಸುತ್ತ ಗೊಣಗುತ್ತಿದ್ದರು.

“ಯಾವಾಗ ಬಂದ್ಯೋ ಗೊತ್ತೇ ಆಗಲಿಲ್ಲ. ಕಳ್ಳಬೆಕ್ಕಿನ ಹಾಗೆ ಬರುತ್ತೆ ನಿನ್ನ ಗಾಡಿ. ಬಂದಿದ್ದೂ ಗೊತ್ತಾಗಲ್ಲ, ಬರದೇ ಇದ್ರೂ ಗೊತ್ತಾಗಲ್ಲ.”

“ಕೆಮ್ಮಿದ್ರೂ ಬೈತೀಯ, ಕೆಮ್ಮದಿದ್ರೂ ಬೈತೀಯ. ಗಾಡಿ ಏನು ಮಾಡ್ಬೇಕಮ್ಮ?”

“ನಾಳೆ ನಾನು ನಿನ್ನ ಗಾಡೀಲಿ ಬರ್ತೀನಿ,” ಎಂದಳು ಅವಳು.

ಅವನ ಕೈ ಬಾಯಿಯ ಹತ್ತಿರ ನಿಂತಿತು. “ಲೆಕ್ಕದಮ್ಮ ಲಾರಿ ಹತ್ತೋದಾ? ಬೇಡಿ ಅತ್ತಿಗೆ. ತೂಕ ಜಾಸ್ತಿಯಾಗುತ್ತೆ, ನಿಮ್ಮ ಲೆಕ್ಕಾನೇ ತಪ್ಪುತ್ತೆ.”

“ನನ್ನ ತೂಕ ಕಳೆದು ಬರ್ಕೋತೀನಿ.”

“ಆ ದಾರಿ…” ಎಂದು ಅತ್ತೆ ಶುರುಮಾಡಿ ನಿಲ್ಲಿಸಿದರು. ಗಂಡ ಹೋದ ಮೇಲೆ ಸೊಸೆ ಆ ದಾರಿಯಲ್ಲಿ ಒಮ್ಮೆಯೂ ಹೋಗಿರಲಿಲ್ಲ. “ಸರಿ. ಹೋಗಿ ಬಾ. ಬೆಳಕಿರೋವಾಗಲೇ ಬಂದ್ಬಿಡಿ.”

ಬೆಳಗ್ಗೆ ತೂಕದ ಕಟ್ಟೆಯ ಮೇಲೆ ಮೌನವ್ರತ ನಿಂತಿತ್ತು. ಸುರುಳಿಗಳಿಗೆ ಸರಪಳಿ ಬಿಗಿದು, ಕೊಂಡಿಗಳನ್ನು ಕಬ್ಬಿಣದ ಸರಳಿನಿಂದ ಹೊಡೆದು ನೋಡಿ ಮೈದುನ ಹತ್ತಿಕೊಂಡ. ಅವಳು ಪಕ್ಕದ ಆಸನದಲ್ಲಿ ಕುಳಿತು ಪಟ್ಟಿ ಕಟ್ಟಿಕೊಂಡಳು. ಮುಂದೆ ಗೇರಿನ ಕೋಲಿರಲಿಲ್ಲ, ಗೇರಿಗೂ ನ್ಯೂಟ್ರಲ್ಲಿಗೂ ಕೈಯಲ್ಲಿ ತಿರುಗಿಸುವ ಒಂದು ಗುಂಡಿ ಮಾತ್ರ. ಅದರ ಮೇಲಿದ್ದ ಪರದೆಯಲ್ಲಿ ಬ್ಯಾಟರಿಯ ಅಂಕಿ.

ಏರಿನಲ್ಲಿ ಅಂಕಿ ಇಳಿಯುತ್ತ ಹೋಯಿತು. ಮೈದುನ ಏನೇನೋ ಮಾತಾಡುತ್ತಿದ್ದ. ಹೊಟ್ಟೆಯುಬ್ಬರದ ಚಾಲಕ ಪಂಪಿನ ಸಾಲಿನಲ್ಲಿ ಕಾದು ಕಾದು ಅಲ್ಲೇ ಒಬ್ಬಳನ್ನು ಇಷ್ಟಪಟ್ಟು ಮದುವೆಯ ಮಾತಾಡಿದ್ದಾನಂತೆ. ಇನ್ನು ಗ್ಯಾಸ್ ಲಾರಿ ಬೇಡವೆಂದರೆ ಅವನ ಸಂಸಾರ ಮುರಿದ ಪಾಪ ಲೆಕ್ಕದಮ್ಮನಿಗೇ. ಅವಳು ‘ಹೂಂ’ ಎಂದಳು.

ನೆತ್ತಿ ಬಂತು. ಮಾತಿನ ನಡುವೆಯೇ, ನೋಡದೆಯೇ, ಅವನ ಎಡಗೈ ಚಾಚಿ ಗುಂಡಿಯನ್ನು ತಿರುಗಿಸಿತು. ಪರದೆಯ ಅಂಕಿ ಸತ್ತಂತೆ ನಿಂತಿತು. ಲಾರಿ ಹಗುರಾಗಿ, ತನ್ನಷ್ಟಕ್ಕೇ ಉರುಳತೊಡಗಿತು. ಗಾಳಿಯ ಸದ್ದು, ಬ್ರೇಕಿನ ಉಸಿರು, ಇಷ್ಟೇ.

“ಗೇರಿಗೆ ಹಾಕು,” ಎಂದಳು.

“ಹೆದರಿಕೆ ಆಯ್ತಾ ಅತ್ತಿಗೆ?”

“ಇಲ್ಲ.”

ಅದು ನಿಜವಾಗಿತ್ತು. ಹೆದರಿಕೆ ಇರಲಿಲ್ಲ. ಮೊದಲನೆಯ ತಿರುವು ಬಂದು ಹೋಯಿತು. ಕಣಿವೆಯ ಬದಿಯ ತಡೆಗಂಬಗಳು ಒಂದೊಂದಾಗಿ ಹಿಂದೆ ಸರಿದವು. ಇವನು ಹೀಗೆಯೇ ಹೋಗಿಬಿಟ್ಟರೆ ತಾನೂ ಹೀಗೆಯೇ ಕುಳಿತಿರುತ್ತೇನೆ ಎಂದು ಅವಳಿಗೆ ಹೊಳೆಯಿತು.

“ಎಲ್ಲರೂ ಹೀಗೇ ಇಳಿಯೋದು,” ಎಂದ ಅವನು. “ಇದರಲ್ಲಿ ಹೀಗಾದ್ರೂ ಸ್ವಲ್ಪ ಉಳಿಯುತ್ತೆ. ಇಲ್ಲಾಂದ್ರೆ ನಿಮ್ಮ ಕಾಗದದಲ್ಲಿ ಇನ್ನೂ ಕೆಳಗೆ ಬೀಳುತ್ತೆ ನನ್ನ ಗಾಡಿ. ಅಮ್ಮನ್ನ ಯಾರು ಸಮಾಧಾನ ಮಾಡೋದು?”

“ಇದು ಬೀಳ್ತಿರೋದೇ ಇದರಿಂದ. ಗೇರಲ್ಲಿದ್ರೆ ಇಳಿಜಾರೇ ಬ್ಯಾಟರಿ ತುಂಬಿಸುತ್ತೆ.”

“ಮಾರೋವನ ಮಾತು ನೀವೂ ನಂಬಿದ್ರಾ? ಇದು ಅಣ್ಣ ಕಲಿಸಿದ್ದು ಅತ್ತಿಗೆ. ನನ್ನ ಕೈ ಮೇಲೆ ಅವನ ಕೈ ಇಟ್ಟು ಕಲಿಸಿದ್ದು. ನೆತ್ತಿ ಬಂತು ಅಂದ್ರೆ ಕೈ ತಾನೇ ಹೋಗುತ್ತೆ.”

“ನಿಮ್ಮಣ್ಣ ಇಳಿಜಾರಿನಲ್ಲಿ ಒಂದು ಚಮಚ ಎಣ್ಣೇನೂ ಉಳಿಸಲಿಲ್ಲ.”

ಅವನು ತಿರುಗಿ ನೋಡಿದ.

“ರಸ್ತೆ ನೋಡು,” ಎಂದಳು. “ಮದುವಣಗಿತ್ತಿ ಕೆಮ್ಮಜ್ಜನನ್ನ ಗೇರಲ್ಲೇ ಇಳಿಸಿದ. ಮೀಟರ್ ಸೊನ್ನೆ. ಉಳಿದವರು ನ್ಯೂಟ್ರಲ್ಲಲ್ಲಿ ಇಳಿಸಿದಾಗಲೆಲ್ಲ ಖರ್ಚು. ನಿಮ್ಮಣ್ಣನ ಎಂಜಿನ್ನೂ ಅದೇ. ಉಳೀತಾ ಇದೆ ಅಂದ್ಕೊಂಡಿದ್ರು. ನಾವೆಲ್ಲ ಅಂದ್ಕೊಂಡಿದ್ವಿ.”

ಎರಡನೆಯ ತಿರುವಿನಲ್ಲಿ ಅವನು ಬ್ರೇಕನ್ನು ಬಲವಾಗಿ ಒತ್ತಿದ. ಸುಟ್ಟ ವಾಸನೆ ಒಳಗೆ ಬಂತು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ರಬ್ಬರು ಉಜ್ಜಿದಂತೆ. ಆ ವಾಸನೆಯನ್ನು ಇಬ್ಬರೂ ಬಲ್ಲರು. ಹಿಂದಿನ ವರ್ಷ ಮನೆಗೆ ತಂದುಕೊಟ್ಟ ಬಟ್ಟೆಗಳಲ್ಲಿ ಅದಿತ್ತು.

ಮುಂದೆ ಮೂರನೆಯ ತಿರುವು ಕಾಣುತ್ತಿತ್ತು. ಅಲ್ಲಿ ತಡೆಗಂಬಗಳು ಹೊಸವು, ಬಣ್ಣ ಇನ್ನೂ ಮಾಸಿರಲಿಲ್ಲ.

ಅವನ ಕೈ ಗುಂಡಿಯ ಮೇಲೆ ಹೋಗಿ ಅಲ್ಲಿಯೇ ನಿಂತಿತು, ಪರರ ಮನೆಯ ಬಾಗಿಲ ಮೇಲಿಟ್ಟ ಕೈಯಂತೆ. ಆಮೇಲೆ ತಿರುಗಿಸಿತು.

ಒಮ್ಮೆಗೇ ಲಾರಿಯನ್ನು ಯಾರೋ ಹಿಂದಿನಿಂದ ಎರಡು ಕೈಯಲ್ಲಿ ಹಿಡಿದಂತಾಯಿತು. ಅವಳ ಮೈ ಮುಂದಕ್ಕೆ ವಾಲಿತು. ಪಟ್ಟಿ ಎದೆಯನ್ನು ಒತ್ತಿ ಹಿಡಿಯಿತು. ಚಕ್ರಗಳ ಕಡೆಯಿಂದ ಜೇನುಗೂಡಿನಂತಹ ಸಣ್ಣ ಗುಂಯ್‌ಗುಡುವಿಕೆ ಎದ್ದಿತು. ಮೂರನೆಯ ತಿರುವನ್ನು ಅವರು ಬ್ರೇಕು ತುಳಿಯದೆಯೇ, ಮೆರವಣಿಗೆಯ ಗತಿಯಲ್ಲಿ ದಾಟಿದರು. ಪರದೆಯ ಅಂಕಿ ಅಲುಗಿ ಒಂದು ಮೆಟ್ಟಿಲು ಮೇಲೇರಿತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು.

ಹಿಂದಿನಿಂದ ಯಾರೋ ಹಾರನ್ ಬಾರಿಸತೊಡಗಿದರು. ತಿರುವು ದಾಟಿ ಅಗಲವಾದ ಜಾಗ ಸಿಕ್ಕಿದೊಡನೆ ಮೈದುನ ಲಾರಿಯನ್ನು ಬದಿಗೆ ತಂದು ನಿಲ್ಲಿಸಿದ. ಸ್ಟಿಯರಿಂಗಿನ ಮೇಲೆ ಹಣೆಯಿಟ್ಟ.

“ಹಾಗಾದ್ರೆ ಅಣ್ಣ ಯಾತಕ್ಕೆ ಹೋದ ಅತ್ತಿಗೆ?”

“ಗೊತ್ತಿಲ್ಲ,” ಎಂದಳು.

ಅವನು ಅತ್ತ. ಅಷ್ಟು ದೊಡ್ಡ ಗಂಡಸು ಭುಜ ಕುಲುಕಿ ಅಳುವುದನ್ನು, ಪಕ್ಕದ ಮನೆಯ ಅಳುವನ್ನು ಗೋಡೆಯೀಚೆಯಿಂದ ಕೇಳುವವಳಂತೆ ಅವಳು ಕೇಳಿಕೊಂಡು ಕುಳಿತಿದ್ದಳು. ನೀರಿನ ಬಾಟಲಿಯ ಮುಚ್ಚಳ ತೆಗೆದು ಅವನ ಕೈಗಿಟ್ಟಳು. ಎದೆಯ ಮೇಲೆ ಪಟ್ಟಿ ಒತ್ತಿದ ಜಾಗ ಸ್ವಲ್ಪ ನೋಯುತ್ತಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಬಂದರು ಮುಟ್ಟುವಾಗ, ಏರಿನಲ್ಲಿ ಕಳೆದುಕೊಂಡದ್ದನ್ನೆಲ್ಲ ಮರಳಿ ಪಡೆದು ಮೌನವ್ರತದ ಬಳಿ ಇನ್ನೂ ಮಿಗಿಲಿತ್ತು.

ಆಮೇಲಿನ ವಾರಗಳಲ್ಲಿ ಅವಳು ಪರೀಕ್ಷೆಯನ್ನು ಮೊದಲಿನಿಂದ ನಡೆಸಿದಳು. ಮೂರು ಲಾರಿಗಳೂ ಗೇರಿನಲ್ಲಿಯೇ ಇಳಿಯಬೇಕು. ಬ್ಯಾಟರಿಯನ್ನು ಕಾರ್ಖಾನೆಯಲ್ಲಿ ಪೂರ್ತಿ ತುಂಬಿಸದೆ, ಇಳಿಜಾರು ತುಂಬಲು ಜಾಗ ಬಿಟ್ಟು ಹೊರಡಬೇಕು. ಹೊಸ ಕಾಗದವನ್ನು ಯಜಮಾನರ ಮುಂದಿಟ್ಟಾಗ ಅವರು ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ಓದಿದರು.

“ಬ್ಯಾಟರೀನೇ ಮುಂದೆ ಬಂತಲ್ಲಮ್ಮ. ಒಂದು ಸುರುಳಿ ಕಡಿಮೆ ಹೊತ್ತೂ?”

“ಈ ದಾರೀಲಿ ಮಾತ್ರ ಯಜಮಾನ್ರೇ. ತುಂಬಿದ್ದು ಇಳಿದು, ಬರಿದಾದದ್ದು ಏರೋದರಿಂದ. ಬಯಲು ದಾರಿಯಾಗಿದ್ರೆ ಗ್ಯಾಸೇ ಅಗ್ಗ.”

“ಹಾಗಾದ್ರೆ ಮೊದಲು ಕೊಟ್ಟ ಲೆಕ್ಕ ಸುಳ್ಳಾ?”

“ಸುಳ್ಳಲ್ಲ. ಮೂರು ಇಂಧನ ಹೋಲಿಸ್ತಿದ್ದೀವಿ ಅಂದ್ಕೊಂಡು ಒಂದೇ ಚಟಾನ ಮೂರು ಸಲ ಅಳೆದಿದ್ವಿ.” ಅವಳು ಎರಡನೆಯ ಹಾಳೆಯನ್ನು ಮುಂದೆ ಸರಿಸಿದಳು. “ಉಳಿಕೆ ಪಾಲು ನಿಲ್ಲಬೇಕು. ಅದರ ಸರಾಸರಿಯಷ್ಟು ಸಂಬಳಕ್ಕೇ ಸೇರಿಸಿ. ಪಾಲು ಇರೋವರೆಗೂ ಅವರ ಕೈ ನಿಲ್ಲಲ್ಲ. ಕೈ ನಿಲ್ಲದೇ ಇದ್ರೆ ಯಾವ ಇಂಧನ ತಂದ್ರೂ ಒಂದೇ.”

“ಇವರಿಗೆ ನ್ಯೂಟ್ರಲ್ ಬೇಡ ಅನ್ನೋದು ಮೀನಿಗೆ ಈಜಬೇಡ ಅಂದ ಹಾಗೆ,” ಎಂದು ಯಜಮಾನರು ನಗಲು ಹೋದರು. ನಗು ಬರಲಿಲ್ಲ. ಡೀಸೆಲ್ಲಿನ ಸಾಲಿನ ಮೇಲೆ ಅವರ ಬೆರಳು ನಿಂತಿತ್ತು. ಅಲ್ಲಿ ಎರಡು ಅಂಕಿಗಳಿದ್ದವು, ಗೇರಿನದು, ನ್ಯೂಟ್ರಲ್ಲಿನದು. ಕೆಳಗೆ ಯಾರೋ ಟೈರಿಗೆ ಗಾಳಿ ಹಾಕುತ್ತಿದ್ದರು.

“ಪಾಲು ಶುರು ಮಾಡಿದಾಗ ಗಾಡಿಗಳೇ ಬೇರೆ,” ಎಂದರು. “ಆಗ ನಿಜವಾಗ್ಲೂ ಉಳೀತಿತ್ತು. ನಾನೂ ನೆತ್ತೀಲಿ ಗೇರು ಬಿಡ್ತಿದ್ದೆ. ಗಾಡಿ ಬದಲಾಯಿಸಿದೆ, ಪದ್ಧತಿ ಬದಲಾಯಿಸಲಿಲ್ಲ.” ಕನ್ನಡಕ ತೆಗೆದಿಟ್ಟು, “ನಿನ್ನ ಗಂಡನಿಗೆ ಕಲಿಸಿದ್ದು ನಾನೇ ಕಣಮ್ಮ,” ಎಂದರು.

“ಹೌದಾ,” ಎಂದಳು ಅವಳು.

ಬೈಯಬಹುದಿತ್ತು. ಅವರೂ ಅದಕ್ಕೆ ಸಿದ್ಧರಾಗಿ ಕುಳಿತಂತಿತ್ತು. ಅವಳು ಪೆನ್ನನ್ನು ತೆಗೆದು ಎರಡನೆಯ ಹಾಳೆಯ ಮೇಲಿಟ್ಟಳು. ಅವರು ಸಹಿ ಹಾಕಿದರು; ಆ ಹಾಳೆಗೇ ಮೊದಲು, ಆಮೇಲೆ ಲಾರಿಗಳ ಹಾಳೆಗೆ.

ಚಾಲಕರು ಬಹಳ ದಿನ ಸಿಟ್ಟಾಗಿದ್ದರು. ದುಡಿದು ಉಳಿಸುವ ಜಾಣ್ಮೆಗೆ ಬೆಲೆಯಿಲ್ಲವಾಯಿತೆಂದರು. ಲೆಕ್ಕದಮ್ಮ ಹೋಗಿ ‘ಬ್ರೇಕಮ್ಮ’ ಎಂದಾಯಿತು. ಹೊಸಬರಿಗೆ ಇಳಿಜಾರು ಕಲಿಸುವ ಕೆಲಸ ಮದುವಣಗಿತ್ತಿಯದಾಯಿತು. ಹೆಸರು ಮಾತ್ರ ಬದಲಾಗಲಿಲ್ಲ, ‘ಮದುವಣಗಿತ್ತಿ ಮೇಷ್ಟ್ರು’ ಎಂದು ಉದ್ದವಾಯಿತು. ಗೋಡೆಯ ಫಲಕದ ಮೊಳೆಗೆ ಇನ್ನೂ ಟೋಪಿಗಳು ತೂಗುತ್ತಿದ್ದವು. ಮೈದುನ ಮೌನವ್ರತದಲ್ಲೇ ಉಳಿದ. ನೆತ್ತಿಯಲ್ಲಿ ಅವನ ಕೈ ಈಗಲೂ ಗುಂಡಿಯ ಕಡೆ ಹೋಗುತ್ತದೆ; ಹೋದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ.

ಒಂದು ಸಂಜೆ ಅತ್ತೆ ಹಿಂಬದಿಯ ಕೋಣೆಯ ಹೊಸ್ತಿಲಲ್ಲಿ ಕುಳಿತಿದ್ದರು.

“ಓಣಿಯವರು ಏನೇನೋ ಅಂತಾರೆ,” ಎಂದರು ಸೊಸೆಯ ಮುಖ ನೋಡದೆ. “ಗೇರು ಬಿಟ್ರೆ ಎಣ್ಣೆ ಉಳಿಯಲ್ವಂತೆ. ನೀನೇ ಲೆಕ್ಕ ಹಾಕಿ ತೋರಿಸಿದ್ಯಂತೆ. ಹಾಗಾದ್ರೆ ನನ್ನ ದೊಡ್ಡವನು ಉಳಿಸಿದ್ದೆಲ್ಲ ಸುಳ್ಳಾ? ಈ ಕೋಣೆ ಎಲ್ಲಿಂದ ಬಂತು?”

ಈ ಪ್ರಶ್ನೆಯನ್ನು ಅವಳು ತನಗೂ ಕೇಳಿಕೊಂಡಿದ್ದಳು. ಗಂಡ ಹೋಗಿಬಂದ ದಾರಿಗಳ ಹಳೆಯ ಲೆಕ್ಕವನ್ನೆಲ್ಲ ತೆಗೆದು, ಉಳಿದವರ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದ್ದಳು.

“ಸುಳ್ಳಲ್ಲ ಅತ್ತೆ. ಇಳಿಜಾರಿನಲ್ಲಿ ಏನೂ ಉಳೀಲಿಲ್ಲ. ಅವರು ಉಳಿಸಿದ್ದು ಏರಿನಲ್ಲಿ. ಎಲ್ಲರೂ ಬೇಗ ಮನೆ ಸೇರ್ಬೇಕು ಅಂತ ಕಾಲು ಒತ್ತಿ ಬರ್ತಾರೆ. ನಿಮ್ಮ ಮಗನ ಕಾಲು ಹಗುರ. ಬರೋ ದಾರೀಲಿ ನಿಧಾನವಾಗಿ ಬಂದು ಉಳಿಸಿದ್ದು.”

“ಬರೋವಾಗ,” ಎಂದರು ಅತ್ತೆ.

“ಬರೋವಾಗ.”

ಅತ್ತೆ ಕೋಣೆಯ ಗೋಡೆಯ ಮೇಲೆ ಅಂಗೈಯನ್ನಿಟ್ಟರು. ಓಣಿಯ ತುದಿಯಲ್ಲಿ ಹಾರನ್ ಒಂದೇ ಒಂದು ಸಲ, ಸಣ್ಣದಾಗಿ ಕೇಳಿಸಿತು. ತಾಯಿಗೆಂದು ಮೈದುನ ಈಚೆಗೆ ರೂಢಿಸಿಕೊಂಡ ಗುರುತು ಅದು.

“ಬಂದ ನೋಡು,” ಎಂದು ಅತ್ತೆ ಎದ್ದರು.

ಅವಳು ಒಲೆಯ ಬಳಿಗೆ ಹೋದಳು. ಕುದಿಯುತ್ತಿದ್ದ ಪಾತ್ರೆಗೆ ಕೈ ಹಾಕಿ, ತಟ್ಟನೆ ಹಿಂದಕ್ಕೆ ಸೆಳೆದುಕೊಂಡಳು. ಬೆರಳನ್ನು ಒಂದು ಕ್ಷಣ ನೋಡಿದಳು. ಆಮೇಲೆ ಬಟ್ಟೆ ಎಲ್ಲಿದೆಯೆಂದು ಹುಡುಕಿದಳು.

ಇದನ್ನು ಓದಿದವರಿಗೂ, ಓದಿಸಿ ಕೇಳಿದವರಿಗೂ, ಕೇಳುತ್ತ ಕೇಳುತ್ತ ನಿದ್ದೆಹೋದವರಿಗೂ ಏರಿನಲ್ಲಿ ಬಲವಿರಲಿ, ಇಳಿಜಾರಿನಲ್ಲಿ ಹಿಡಿಯುವ ಕೈಯಿರಲಿ. ಹೊರೆ ಹೊತ್ತು ಹೊರಟವರು ಸದ್ದು ಮಾಡಿಯೋ ಮಾಡದೆಯೋ ಮನೆ ಮುಟ್ಟಲಿ. ಮರಗಟ್ಟಿದ ಬೆರಳಿಗೆ ಬಿಸಿಯು ಬಿಸಿಯೆಂದೇ ತಿಳಿಯುವ ದಿನ ಎಲ್ಲರಿಗೂ ಬರಲಿ.